ನಮ್ಮ ಗಣಕಕ್ಕೆ ಕನ್ನಡ ಕಲಿಸೋಣ

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಗಣಕಯಂತ್ರ ಇದೆಯೇ? ಅದರ ಮುಂದೆ ಕುಳಿತ ಕೂಡಲೇ ನಿಮ್ಮ ಹೆಸರನ್ನು ಬರೆದು ನೋಡಬೇಕು ಎನಿಸುತ್ತದೆ, ಅಲ್ಲವೇ? ಆದರೆ ಕೀಲಿಮಣೆಯ ಮೇಲಿರುವುದು ಇಂಗ್ಲಿಷ್ ಅಕ್ಷರಗಳು. ಪರದೆಯ ಮೇಲಿನ ಮಾತುಗಳೂ ಇಂಗ್ಲಿಷ್. ಇದನ್ನು ಕಂಡು ‘ಇದು ಇಂಗ್ಲಿಷ್ ಬಲ್ಲವರ ಯಂತ್ರ, ನಮ್ಮದಲ್ಲ’ ಎಂದು ಹಿಂದೆ ಸರಿಯುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಗಣಕಕ್ಕೆ ತನ್ನದೇ ಆದ ಭಾಷೆಯಿಲ್ಲ. ಅದು ಬಲ್ಲದ್ದು ಅಂಕಿಗಳನ್ನು ಮಾತ್ರ. ನಾವು ಸಿದ್ಧಪಡಿಸಿದ ಭಾಷೆಯಲ್ಲಿ ಅದು ಬರೆಯುತ್ತದೆ.

ಬೆಳಗಾವಿ ಜಿಲ್ಲೆಯ ಕಾಗವಾಡವನ್ನೇ ನೋಡಿ. ಗಡಿ ದಾಟಿದರೆ ಮಹಾರಾಷ್ಟ್ರದ ಮಿರಜ. ಈ ಭಾಗದಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಒಂದೇ ಗಣಕದಲ್ಲಿ ಎರಡನ್ನೂ ಬರೆಯಬಹುದೇ? ಖಂಡಿತ ಬರೆಯಬಹುದು. ಹೇಗೆಂದು ತಿಳಿಯೋಣ.

ಲಿನಕ್ಸ್ ಎಂದರೇನು?

ಗಣಕದ ಎಲ್ಲ ಭಾಗಗಳಿಂದ ಕೆಲಸ ಮಾಡಿಸುವ ಮುಖ್ಯ ತಂತ್ರಾಂಶಕ್ಕೆ ಕಾರ್ಯಾಚರಣೆ ವ್ಯವಸ್ಥೆ ಎನ್ನುತ್ತಾರೆ. ಲಿನಕ್ಸ್ ಅಂಥದೊಂದು ವ್ಯವಸ್ಥೆಯ ತಿರುಳು. ಇದನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಗ್ನು’ ಎಂಬ ಯೋಜನೆಯನ್ನು ಘೋಷಿಸಿದ್ದರು. ಎರಡೂ ಸೇರಿ ಪೂರ್ಣ ವ್ಯವಸ್ಥೆಯಾಯಿತು.

ಇದರ ವಿಶೇಷವೇನು? ಇದರ ಒಳಗಿನ ಬರವಣಿಗೆ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಕೊಡಬಹುದು. ಆದ್ದರಿಂದಲೇ ಕನ್ನಡದ ಸ್ವಯಂಸೇವಕರು ಪರದೆಯ ಅನೇಕ ಮಾತುಗಳನ್ನು ಕನ್ನಡಕ್ಕೆ ತರಲು ಸಾಧ್ಯವಾಯಿತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಕಲಿಕೆ ನಡೆಯುವುದು ಲಿನಕ್ಸ್‌ನಲ್ಲೇ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ಪರಿಚಿತ.

ಸಿದ್ಧತೆ

ಈ ಕೆಲಸವನ್ನು ಶಿಕ್ಷಕರೊಂದಿಗೇ ಮಾಡಿ. ಶಾಲೆಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು ಮೊದಲ ಕೆಲಸ. ಇದನ್ನು ಮರೆತರೆ ವರ್ಷಗಳ ದಾಖಲೆ ಅಳಿಸಿಹೋಗಬಹುದು.

1. ಲಿನಕ್ಸ್ ತುಂಬಿದ ಪೆನ್ ಡ್ರೈವ್‌ನಿಂದ ಗಣಕವನ್ನು ಆರಂಭಿಸಿ. ಮೊದಲು ‘ಪ್ರಯೋಗಿಸಿ ನೋಡು’ ಎಂಬ ಅರ್ಥದ ಆಯ್ಕೆಯನ್ನೇ ಒತ್ತಿ. ಆಗ ಗಣಕದೊಳಗಿನ ಕಡತಗಳು ಇದ್ದಂತೆಯೇ ಇರುತ್ತವೆ.

2. ಪರದೆ, ಧ್ವನಿ, ಮೌಸ್, ಮುದ್ರಕ ಸರಿಯಾಗಿ ನಡೆಯುತ್ತವೆಯೇ ಪರೀಕ್ಷಿಸಿ. ಸರಿಯಿದ್ದರೆ ಮಾತ್ರ ಶಿಕ್ಷಕರು ಅದನ್ನು ಸ್ಥಾಪಿಸಲಿ. ಹಳೆಯ ಗಣಕವಾದರೆ ‘ಎಕ್ಸ್‌ಎಫ್‌ಸಿಇ’ಯಂಥ ಹಗುರವಾದ ಪರದೆ ವ್ಯವಸ್ಥೆ ಒಳ್ಳೆಯದು.

3. ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆಯ ವಿಭಾಗಕ್ಕೆ ಹೋಗಿ ಕನ್ನಡ ಮತ್ತು ಮರಾಠಿಯ ‘ಇನ್‌ಸ್ಕ್ರಿಪ್ಟ್’ ವಿನ್ಯಾಸಗಳನ್ನು ಸೇರಿಸಿ. ‘ನುಡಿ’ ಬಳಸಿ ರೂಢಿಯಿದ್ದವರಿಗೆ ‘ಕಗಪ’ ವಿನ್ಯಾಸವೂ ಇದೆ.

4. ಅಕ್ಷರಗಳ ಗಾತ್ರವನ್ನು ಹಿಂದಿನ ಸಾಲಿನವರಿಗೂ ಕಾಣುವಷ್ಟು ಹಿಗ್ಗಿಸಿ. ‘ಗುಬ್ಬಿ’, ‘ನವಿಲು’ ಎಂಬ ಹೆಸರಿನ ಕನ್ನಡ ಅಕ್ಷರಶೈಲಿಗಳು ಉಚಿತವಾಗಿ ದೊರೆಯುತ್ತವೆ.

5. ಶಿಕ್ಷಕರಿಗೊಂದು, ಮಕ್ಕಳಿಗೊಂದು ಬೇರೆ ಬೇರೆ ಖಾತೆ ಮಾಡಿ. ಚಿತ್ರ ಬಿಡಿಸಲು ‘ಟಕ್ಸ್ ಪೇಂಟ್’, ಆಡುತ್ತಾ ಕಲಿಯಲು ‘ಜಿಕಾಂಪ್ರಿ’ ಸೇರಿಸಿಕೊಳ್ಳಿ.

ಮಾಡಿ ನೋಡಿ

ಕನ್ನಡ ಇನ್‌ಸ್ಕ್ರಿಪ್ಟ್ ಆರಿಸಿ. ಈಗ ಇಂಗ್ಲಿಷಿನ ಕೆ, ಇ, ಐ, ಬಿ, ಮತ್ತೆ ಇ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿ. ಕೊನೆಗೆ, ಪಿ ಕೀಲಿಯ ಬಲಕ್ಕಿರುವ ಚೌಕ ಆವರಣದ ಕೀಲಿಯನ್ನು ಒತ್ತಿ. ಪರದೆಯ ಮೇಲೆ ‘ಕಾಗವಾಡ’ ಎಂದು ಮೂಡುತ್ತದೆ! ಈಗ ಮರಾಠಿ ಆರಿಸಿ ಅದೇ ಆರು ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿ. ದೇವನಾಗರಿಯಲ್ಲೂ ಕಾಗವಾಡವೇ ಬರುತ್ತದೆ. ಬೆರಳು ಬದಲಾಗಲಿಲ್ಲ, ಲಿಪಿ ಮಾತ್ರ ಬದಲಾಯಿತು.

ಕಾರಣವೇನು? ಲಿಪಿ ಬೇರೆಯಾದರೂ ಕನ್ನಡ, ಮರಾಠಿ ಎರಡರ ವರ್ಣಮಾಲೆಯೂ ಉಚ್ಚಾರಣೆಯ ಕ್ರಮದಲ್ಲಿದೆ. ಅದನ್ನು ಆಧರಿಸಿ 1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ರೂಪಿಸಿತು. ಎಡಗೈಯ ಕಡೆ ಸ್ವರಗಳು, ಬಲಗೈಯ ಕಡೆ ಹೆಚ್ಚಿನ ವ್ಯಂಜನಗಳು. ‘ಕ’ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ‘ಖ’. ‘ಗ’ ಇದ್ದಲ್ಲಿ ‘ಘ’. ಒತ್ತಕ್ಷರ ಬೇಕೇ? ನಡುವೆ ಡಿ ಕೀಲಿ ಒತ್ತಿ. ‘ಅಮ್ಮ’ ಎಂದು ಬರೆಯಲು ಶಿಫ್ಟ್ ಹಿಡಿದು ಡಿ, ಆಮೇಲೆ ಶಿಫ್ಟ್ ಬಿಟ್ಟು ಸಿ, ಡಿ, ಸಿ. ನೀವು ಕಲಿತ ಕಾಗುಣಿತವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಕ್ಷರದ ಹಿಂದಿನ ಅಂಕಿ

ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಕನ್ನಡದ ‘ಕ’ 3221, ದೇವನಾಗರಿಯ ‘ಕ’ 2325. ಕಳೆದು ನೋಡಿ: 896. ಕನ್ನಡದ ‘ಗ’ 3223, ದೇವನಾಗರಿಯದು 2327. ಮತ್ತೆ 896! ಭಾರತೀಯ ಲಿಪಿಗಳನ್ನು ಪಟ್ಟಿಯಲ್ಲಿ ಒಂದೇ ಕ್ರಮದಲ್ಲಿ ಜೋಡಿಸಿರುವುದರಿಂದ ಹೀಗಾಗುತ್ತದೆ.

ಈ ಸಂಖ್ಯೆಗಳಿಂದ ನಮಗೇನು ಲಾಭ? ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ರೂಪ ತೊಡಿಸುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಹೆಸರುಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದವು. ಯೂನಿಕೋಡ್‌ನಲ್ಲಿ ಬರೆದ ನಿಮ್ಮ ಹೆಸರು ಕಾಗವಾಡದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕನ್ನಡದ ಅಕ್ಷರಶೈಲಿ ಇರುವ ಯಾವ ಗಣಕದಲ್ಲೂ ನಿಮ್ಮ ಹೆಸರಾಗಿಯೇ ಉಳಿಯುತ್ತದೆ.

ಹಾಗಾದರೆ ತಡವೇಕೆ? ನಿಮ್ಮ ಹೆಸರು, ನಿಮ್ಮ ಊರಿನ ಹೆಸರು, ಪಕ್ಕದಲ್ಲಿ ಕುಳಿತ ಗೆಳತಿಯ ಹೆಸರು ಬರೆಯಿರಿ. ಅವಳ ಮನೆಮಾತು ಮರಾಠಿಯಾದರೆ ಅವಳಿಂದ ನಿಮ್ಮ ಹೆಸರನ್ನು ಮರಾಠಿಯಲ್ಲಿ ಬರೆಸಿ.

ಉತ್ತರಿಸಿ

1. ಕನ್ನಡದ ‘ಮ’ ಅಕ್ಷರದ ಸಂಖ್ಯೆ 3246. ದೇವನಾಗರಿಯ ‘ಮ’ ಎಷ್ಟು?
2. ಶಿಫ್ಟ್ ಹಿಡಿದು ಜಿ, ಶಿಫ್ಟ್ ಬಿಟ್ಟು ಐ, ಇ, ಜೆ ಒತ್ತಿದರೆ ಕಾಗವಾಡದ ಸಮೀಪದ ಯಾವ ಊರು ಬರುತ್ತದೆ?

ಉತ್ತರಗಳು: 1. 2350. 2. ಉಗಾರ.