ಬಯಲು ಸೀಮೆಯಲ್ಲಿ ಚಳಿನಾಡಿನ ತರಕಾರಿ ಮತ್ತು ಹೂವಿನ ಬೇಸಾಯ
(ಹೊಸದಾಗಿ ಕೈಹಾಕುವವರಿಗೆ)

ಇಂಗ್ಲೆಂಡು, ಸ್ಕಾಟ್ಲೆಂಡು ಮೊದಲಾದ ಉತ್ತರದ ಶೀತದೇಶಗಳಲ್ಲಿ ಹೊಸದಾಗಿ ತೋಟಮಾಡುವವನು ಚಳಿಗೆ ಹೆದರುತ್ತಾನೆ. ರಾತ್ರಿಯ ವೇಳೆ ಹಿಮವು ನೆಲದ ಮೇಲೆ ಹೆಪ್ಪುಗಟ್ಟುವ ಕಾಲವು ಕಳೆಯುವವರೆಗೆ ಆತನು ಎಳೆಯ ಸಸಿಗಳನ್ನು ಗಾಜಿನ ಮುಚ್ಚಿಗೆಯ ಕೆಳಗೆ ಕಾಪಾಡಿಕೊಂಡು, ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಗೆ ನೆಟ್ಟು, ಬೇಸಗೆಯಲ್ಲಿ ಬೆಳೆಸಿ ಕೊಯ್ಯುತ್ತಾನೆ. ಅದೇ ಎಲೆಕೋಸು, ಹೂಕೋಸು, ಕ್ಯಾರೆಟ್ಟುಗಳನ್ನು ತಾಂಡ್ಯ, ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯಲ್ಲಿ ಬೆಳೆಯತಕ್ಕವನು ಹೆದರಬೇಕಾದುದು ಬಿಸಿಲಿಗೆ. ಅಲ್ಲಿಯ ಬೇಸಗೆಗೆ ಸರಿಸಮನಾದ ಹವೆಯು ಇಲ್ಲಿ ದೊರೆಯುವುದು ಕಾರ್ತಿಕದಿಂದ ಮಾಘದವರೆಗೆ ಮಾತ್ರ. ಡಿಸೆಂಬರು ಜನವರಿಗಳಲ್ಲಿ ಈ ಪ್ರಾಂತದ ರಾತ್ರಿಯ ಉಷ್ಣತೆಯು ಸುಮಾರು 16–17 ಡಿಗ್ರಿ ಸೆಂಟಿಗ್ರೇಡಿಗೆ ಇಳಿಯುವುದು. ಏಪ್ರಿಲಿನ ಹಗಲಿನಲ್ಲಿ ಅದು 34–35 ಡಿಗ್ರಿಗೆ ಏರುವುದು. ಎಲೆಕೋಸು ಗಟ್ಟಿಯಾಗಿ ಗಡ್ಡೆ ಕಟ್ಟಲು 15ರಿಂದ 20 ಡಿಗ್ರಿಯ ಹವೆಯು ಉತ್ತಮವಾದುದು. ಆದುದರಿಂದ ಪರದೇಶದ ತೋಟಗಾರಿಕೆಯ ಪುಸ್ತಕವನ್ನು ನೋಡಿ ಮಾರ್ಚಿಯಲ್ಲಿ ಬೀಜ ಬಿತ್ತುವವನು ಗೊಬ್ಬರವನ್ನೂ ನೀರನ್ನೂ ಕೂಲಿಯನ್ನೂ ಒಟ್ಟಿಗೆ ಕಳೆದುಕೊಳ್ಳುವನು. ಕೋಸು ಎಲೆ ಬಿಟ್ಟುಕೊಂಡೇ ನಿಲ್ಲುವುದು, ಹೂಕೋಸಿನ ಹೂವು ಒಡೆದು ಅನ್ನದ ಅಗುಳಿನಂತೆ ಬಿಡಿಬಿಡಿಯಾಗುವುದು, ನವಿಲುಕೋಸು ನಾರಾಗುವುದು, ಮೂಲಂಗಿಯು ಖಾರವೇರಿ ಬೇಗ ಹೂವಿಗೆ ಹೋಗುವುದು.

ಈ ತರಕಾರಿಗಳು ನಮ್ಮ ನೆರೆಯ ನೀಲಗಿರಿಗೆ ಬಂದು ಇನ್ನೂರು ವರ್ಷಗಳಾದುವು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ನರು 1819ರಲ್ಲಿ ಬೆಟ್ಟವನ್ನೇರಿದ ಮೇಲೆ ಅಲ್ಲಿ ಯೂರೋಪಿನ ಕಾಯಿಪಲ್ಯಗಳ ಬೇಸಾಯವು ಮೊದಲಾಯಿತು. ಉದಕಮಂಡಲದ ಪ್ರಸಿದ್ಧವಾದ ಸಸ್ಯೋದ್ಯಾನಕ್ಕೂ ಮೂಲದಲ್ಲಿದ್ದುದು ಅಲ್ಲಿಯ ನಿವಾಸಿಗಳು ತರಕಾರಿಗಾಗಿ ಚಂದಾ ಎತ್ತಿ ನಡೆಸಿದ ಒಂದು ತೋಟವೇ. ಆದರೆ ಬೆಟ್ಟದಲ್ಲಿ ವರ್ಷದ ಬಹುಭಾಗ ಆಗುವ ಕೆಲಸವು ಬಯಲಿನಲ್ಲಿ ನಾಲ್ಕು ತಿಂಗಳೊಳಗೆ ಮುಗಿಯಬೇಕು.

ಇಲ್ಲಿಯೇ ನಾಲೆಯ ಬಯಲಿನ ಜಮೀನುದಾರರಿಗೆ ಒಂದು ತೊಡಕುಂಟು. ಹುಲ್ಲಹಳ್ಳಿ, ರಾಂಪುರದ ನಾಲೆಗಳ ಅಚ್ಚುಕಟ್ಟಿನಲ್ಲಿ ಮುಂಗಾರಿನ ಭತ್ತವು ಡಿಸೆಂಬರಿನವರೆಗೂ ನೆಲವನ್ನು ಹಿಡಿದಿರುವುದು. ಕೊಯಿಲಾಗಿ, ಗದ್ದೆ ಆರಿ, ಉತ್ತು ಹದಮಾಡುವ ವೇಳೆಗೆ ಜನವರಿ ಕಳೆಯುವುದು. ಆಮೇಲೆ ನೆಟ್ಟ ಹೂಕೋಸು ಹೂ ಕಟ್ಟುವ ಹೊತ್ತಿಗೆ ಬಿಸಿಲು ಬಲವಾಗಿರುವುದು. ಆದುದರಿಂದ ಗದ್ದೆಯನ್ನು ನೆಚ್ಚಿಕೊಳ್ಳಕೂಡದು. ಮುಂಗಾರಿನ ಮೊದಲಿನಲ್ಲಿ ಎಳ್ಳು, ಹೆಸರು ಅಥವಾ ಅಲಸಂದೆ ಬಿತ್ತಿ ಆಗಸ್ಟಿನೊಳಗೆ ತೆರವಾಗುವ ಹೊಲದಲ್ಲಿ, ಬಾವಿಯ ನೀರು ಹಾಯುವ ಮೂಲೆಯೊಂದನ್ನು ಇದಕ್ಕಾಗಿ ಮೀಸಲಿಡುವುದು ಸರಿಯಾದ ಕ್ರಮ. ಹೆಸರು ಅಲಸಂದೆಗಳ ಬೇರಿನ ಸಾರವು ನೆಲಕ್ಕೆ ಸಿಕ್ಕುವುದೂ ಒಂದು ಲಾಭವೇ. ಕೆಂಪು ಗೋಡು ಮಣ್ಣಾದರೆ ಬಹಳ ಒಳ್ಳೆಯದು. ಎರೆಮಣ್ಣಿನಲ್ಲಿ ಕೋಸು ಬೆಳೆಯಬಹುದಾದರೂ ಕ್ಯಾರೆಟ್ಟು ನೇರವಾಗಿ ಇಳಿಯದು, ಕೀಳುವಾಗಲೂ ಮುರಿಯುವುದು.

ಮೊದಲನೆಯ ವರ್ಷ ಒಂದು ಗುಂಟೆಗೆ ಮೀರಿ ಹೋಗತಕ್ಕದ್ದಲ್ಲ. ಎಕರೆಗಟ್ಟಲೆ ಜಮೀನುಳ್ಳವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೆ ಒಂದು ಗುಂಟೆಯೆಂದರೆ ಸಾವಿರದ ಎಂಭತ್ತೊಂಬತ್ತು ಚದರಡಿ. ಒಂದೂವರೆ ಅಡಿ ಅಂತರದಲ್ಲಿ ನೆಟ್ಟರೆ ಅದರಲ್ಲಿ 480 ಕೋಸಿನ ಗಿಡಗಳು ಹಿಡಿಯುವುವು. ಅಷ್ಟನ್ನೂ ಹುಳುವಿನಿಂದ ಉಳಿಸಿ, ಮನೆಗೆ ಬೇಕಾದುದನ್ನು ಇಟ್ಟುಕೊಂಡು, ಉಳಿದುದನ್ನು ಬಂಡೀಪಾಳ್ಯದ ಮಾರುಕಟ್ಟೆಗೆ ಮುಟ್ಟಿಸಿ ಲೆಕ್ಕ ಬರೆದಿಟ್ಟವನಿಗೆ ಎರಡನೆಯ ವರ್ಷ ಎಷ್ಟು ನೆಲ ಹಾಕಬೇಕೆಂಬುದು ತಾನಾಗಿ ತಿಳಿಯುವುದು. ಇನ್ನೊಂದು ವಿಚಾರ. ನವೆಂಬರು ಡಿಸೆಂಬರುಗಳಲ್ಲಿ ರಾಗಿ ಭತ್ತಗಳ ಕೊಯಿಲಿಗೆ ಆಳುಗಳೆಲ್ಲ ಹೋಗುವರು. ಆಗ ತರಕಾರಿ ಮಡಿಗೆ ನೀರು ಕಟ್ಟುವವರು ಯಾರೆಂಬುದನ್ನು ಬೀಜ ತರುವುದಕ್ಕೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಕೊನೆಗೆ ಆ ಕೆಲಸವು ಮನೆಯ ಹೆಂಗಸರ ಮೇಲೆ ಬೀಳುವುದೇ ಹೆಚ್ಚು. ಅವರನ್ನು ಕೇಳದೆ ಬಾವಿಯಿಂದ ದೂರದಲ್ಲಿ ಪಾತಿ ಮಾಡುವುದು ವಿವೇಕವಲ್ಲ.

ಎಲೆಕೋಸು, ಹೂಕೋಸು, ನವಿಲುಕೋಸುಗಳ ಒಟ್ಲನ್ನು ಉತ್ತರೆ ಹಸ್ತದ ಮಳೆಗಳಲ್ಲಿ ಹಾಕಿ, ಚಿತ್ತೆ ಸ್ವಾತಿಗಳಲ್ಲಿ ಸಸಿಯನ್ನು ಕಿತ್ತು ನೆಡುವುದು ಈ ಸೀಮೆಗೆ ಹೊಂದಿದ ಕಾಲ. ಇದೇ ದಿನಗಳಲ್ಲಿ ನಮ್ಮಲ್ಲಿ ಮಳೆಯೂ ಜೋರಾಗಿರುವುದರಿಂದ ಒಟ್ಲು ಪಾತಿಯು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರವಾಗಿರಬೇಕು. ಅಗಲವು ಮೂರಡಿಯನ್ನು ಮೀರಬಾರದು. ಗುಂಟೆಗೆ ಮೂರು ನಾಲ್ಕು ಗ್ರಾಂ ಬೀಜ ಸಾಕು. ಬೀಜವನ್ನು ಚೆಲ್ಲದೆ, ಅಂಗುಲಕ್ಕೊಂದರಂತೆ ಸಾಲಿನಲ್ಲಿ ಬಿತ್ತಿ ಪುಡಿಗೊಬ್ಬರ ಮುಚ್ಚಬೇಕು. ಒತ್ತಾಗಿ ಚೆಲ್ಲಿದ ಒಟ್ಲಿನಲ್ಲಿ ನೀರು ನಿಂತರೆ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುವುವು. ಜೋರು ಮಳೆಗೆ ತೆಂಗಿನ ಗರಿಯ ತಟ್ಟಿಯನ್ನು ಮರೆಕಟ್ಟಿ, ಮಳೆ ನಿಂತೊಡನೆ ತೆಗೆಯಬೇಕು. ತೆಗೆಯದೆ ಬಿಟ್ಟರೆ ಸಸಿ ಬೆಳ್ಳಗೆ ನೀಳವಾಗಿ ಕೆಡುವುದು. ನಾಲ್ಕರಿಂದ ಐದು ವಾರಗಳಲ್ಲಿ ಸಸಿಯು ನಾಟಿಗೆ ಬರುವುದು. ಹೂಕೋಸಿನ ಸಸಿಯನ್ನು ಮಾತ್ರ ಒಂದು ದಿನವೂ ತಡೆಯಕೂಡದು. ಒಟ್ಲಿನಲ್ಲಿ ಮುದಿಯಾಗಿ ಹಸಿದ ಸಸಿಯು ಹೊಲಕ್ಕೆ ಹೋದಮೇಲೆ ಗುಂಡಿಯಷ್ಟು ಹೂವನ್ನು ಬಿಟ್ಟು ನಿಲ್ಲುವುದು. ಆಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಅದು ಬೆಳೆಯದು.

ಹೂಕೋಸಿನಲ್ಲಿ ಜಾತಿಯನ್ನು ನೋಡಿ ಬೀಜ ಕೊಳ್ಳುವುದೂ ಮುಖ್ಯ. ಯೂರೋಪಿನ ಸ್ನೋಬಾಲ್ ಪಂಗಡಕ್ಕೆ 10ರಿಂದ 16 ಡಿಗ್ರಿಯ ಚಳಿ ಬೇಕು. ನಮ್ಮ ಬಯಲಿನಲ್ಲಿ ಅದು ಸಾಗದು. ಉತ್ತರ ಹಿಂದೂಸ್ಥಾನದ ಬಯಲಿನಲ್ಲಿ ತಲೆತಲಾಂತರವಾಗಿ ಆರಿಸಿ ಆರಿಸಿ ಬೆಳೆಸಿದ ಮುಂಚಿನ ಜಾತಿಗಳು 20 ಡಿಗ್ರಿಗೆ ಮೇಲ್ಪಟ್ಟೂ ಹೂ ಕಟ್ಟುವುವು. ಅಂಗಡಿಯಲ್ಲಿ ಪೊಟ್ಟಣದ ಚಿತ್ರವನ್ನು ನೋಡದೆ, ಬೆಚ್ಚನೆಯ ಹವೆಗೆ ತಕ್ಕ ಮುಂಚಿನ ಜಾತಿಯೇ ಎಂದು ವಿಚಾರಿಸಿ ಕೊಳ್ಳಬೇಕು. ಎಲ್ಲಕ್ಕಿಂತ ಸುಲಭವಾದುದು ನವಿಲುಕೋಸು. ನೆಟ್ಟ 50–60 ದಿನಗಳಲ್ಲಿ, ನಿಂಬೆಗಿಂತ ದಪ್ಪವಾಗಿ ಕಿತ್ತಳೆಯಷ್ಟಾಗುವುದರೊಳಗೆ ಕೊಯ್ದುಬಿಡಬೇಕು.

ಗುಂಟೆಗೆ ಅರ್ಧ ಗಾಡಿ, ಅಂದರೆ 250 ಕಿಲೋಗ್ರಾಮಿನಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕಾಗುವುದು. ಹಸಿ ಗೊಬ್ಬರ ಹಾಕಿದ ಪಾತಿಯಲ್ಲಿ ಕ್ಯಾರೆಟ್ಟು ಕವಲೊಡೆಯುವುದು. ಕ್ಯಾರೆಟ್ಟು, ಬೀಟ್‌ರೂಟು, ಮೂಲಂಗಿಗಳನ್ನು ಕಿತ್ತು ನೆಡದೆ, ಬೆಳೆಯಬೇಕಾದ ಜಾಗದಲ್ಲಿಯೇ ಬಿತ್ತಬೇಕು. ಕ್ಯಾರೆಟ್ಟಿನ ಬೀಜ ಸಣ್ಣದು, ಮೊಳೆಯುವುದಕ್ಕೆ ಹತ್ತು ದಿನ ಹಿಡಿಯುವುದು. ಮರಳಿನೊಡನೆ ಬೆರಸಿ ಸಾಲಿನಲ್ಲಿ ಉದುರಿಸಿ, ಮೇಲ್ಮಣ್ಣು ಹೆಂಟೆಗಟ್ಟದಂತೆ ಆ ಹತ್ತು ದಿನವೂ ಹನಿನೀರು ಚಿಮುಕಿಸಬೇಕು. ಬೀಟ್‌ರೂಟಿನ ಒಂದು ಕಾಳೆಂದರೆ ಹಲವು ಬೀಜಗಳ ಗೊಂಚಲು. ಹುಟ್ಟಿದ ಸಸಿಗಳಲ್ಲಿ ಒಂದನ್ನುಳಿಸಿ ಮಿಕ್ಕುದನ್ನು ಕೀಳದಿದ್ದರೆ ಗಡ್ಡೆಯಾಗದು. ಹೊಸಬರು ಕೀಳುವುದಕ್ಕೆ ಮನಸ್ಸು ಬಾರದೆ ಕೆಡುವುದು ಇಲ್ಲಿಯೇ. ಕಿತ್ತ ಸೊಪ್ಪು ಸಾರಿಗಾಗುವುದು, ವ್ಯರ್ಥವೇನಿಲ್ಲ.

ಕೋಸಿಗೆ ದೊಡ್ಡ ಪೀಡೆಯೆಂದರೆ ಬೆನ್ನಿನಮೇಲೆ ವಜ್ರಾಕಾರದ ಗುರುತುಳ್ಳ ಸಣ್ಣ ಪತಂಗದ ಹುಳು. ಔಷಧಿಗಳಿಗೆ ಅದು ಬೇಗನೆ ಒಗ್ಗಿಹೋಗುವುದರಿಂದ ವಾರವಾರವೂ ಸಿಂಪಡಿಸಿ ಹಣ ಕಳೆಯುವವರು ಬಹಳ. ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ತೋರಿಸಿಕೊಟ್ಟ ಉಪಾಯವು ಖರ್ಚಿಲ್ಲದ್ದು. ಕೋಸಿನ 25 ಸಾಲಿಗೆ ಎರಡು ಸಾಲು ಸಾಸುವೆ. ಒಂದನ್ನು ಕೋಸು ನೆಡುವ 15 ದಿನ ಮುಂಚೆ, ಇನ್ನೊಂದನ್ನು ನೆಟ್ಟ 25 ದಿನಗಳ ತರುವಾಯ ಬಿತ್ತತಕ್ಕದ್ದು. ಪತಂಗವು ಸಾಸುವೆಗೇ ಹೋಗಿ ಮೊಟ್ಟೆಯಿಡುವುದು. ಔಷಧಿಯನ್ನು ಸಾಸುವೆಯ ಸಾಲಿಗೆ ಹೊಡೆದು, ಕೋಸಿಗೆ ಬೇವಿನ ಬೀಜದ ತಿರುಳನ್ನು ನೂರಕ್ಕೆ ನಾಲ್ಕರಂತೆ ನೀರಿನಲ್ಲಿ ನೆನೆಸಿ ಸೋಸಿದ ಕಷಾಯವನ್ನು ಚಿಮುಕಿಸಿದರೆ ಆಗುವುದು. ಉದಕಮಂಡಲದ ಕಡೆಯಿಂದ ಬೇರಿಗೆ ಮಣ್ಣು ಹತ್ತಿದ ಕೋಸಿನ ಸಸಿಗಳನ್ನು ತರುವುದು ಅಪಾಯ. ಬೇರನ್ನು ಗದೆಯಂತೆ ಉಬ್ಬಿಸುವ ರೋಗವು ಅಲ್ಲಿಯ ನೆಲದಲ್ಲುಂಟು. ಒಮ್ಮೆ ಹೊಲಕ್ಕೆ ಬಂದರೆ ಹಲವು ವರ್ಷ ಬಿಡದು.

ಹೂವುಗಳಲ್ಲಿ ಮೊದಲಿಗರು ಚೆಂಡುಹೂವು, ಸೇವಂತಿಗೆ, ಆಸ್ಟರುಗಳಿಗೆ ತೃಪ್ತಿಪಡಬೇಕು. ಬೆಟ್ಟದ ಪುಷ್ಪಪ್ರದರ್ಶನಗಳಲ್ಲಿ ಕಣ್ಸೆಳೆಯುವ ಪ್ಯಾನ್ಸಿ ಮೊದಲಾದುವನ್ನು ಕುಂಡದಲ್ಲಿ ನಾಲ್ಕು ಇಟ್ಟು ನೋಡಬಹುದೇ ಹೊರತು ಹೊಲಕ್ಕೆ ಹಾಕಬಾರದು. ಚೆಂಡುಹೂವಿನ ಬೇರು ಗಂಟುಬೇರಿನ ಜಂತುಹುಳುವನ್ನು ಅಡಗಿಸುವುದರಿಂದ, ಮುಂದೆ ಕ್ಯಾರೆಟ್ಟು ಹಾಕುವ ಪಾತಿಯಲ್ಲಿ ಮೊದಲು ಅದನ್ನು ಬೆಳೆಯುವುದು ಲೇಸು. ಸೇವಂತಿಗೆಯ ಮರಿಗಳನ್ನು ಆಷಾಢದಲ್ಲಿಯೇ ನೆಟ್ಟು, ತಿಂಗಳಾದಮೇಲೆ ಕುಡಿ ಚಿವುಟಬೇಕು. ಈ ಗಿಡವು ರಾತ್ರಿಗಳು ದೀರ್ಘವಾದಾಗಲೇ ಮೊಗ್ಗು ಹಿಡಿಯುವುದು. ರಸ್ತೆಯ ಇಲ್ಲವೆ ಕಾರ್ಖಾನೆಯ ವಿದ್ಯುದ್ದೀಪದ ಬೆಳಕು ರಾತ್ರಿಯೆಲ್ಲ ಬೀಳುವ ಅಂಚಿನಲ್ಲಿ ನೆಟ್ಟರೆ ಹೂವು ತಡವಾಗುವುದು; ತಾಂಡ್ಯದಂತಹ ಕೈಗಾರಿಕಾ ಪ್ರದೇಶದ ಸುತ್ತಲಿನವರು ಇದನ್ನು ಗಮನಿಸಬೇಕು. ಆಸ್ಟರಿನ ಬೀಜವು ವರ್ಷ ಕಳೆದರೆ ಸತ್ವಹೀನವಾಗುವುದು. ಅದೇ ಪಾತಿಯಲ್ಲಿ ಮರುವರ್ಷ ಹಾಕಿದರೆ ಸೊರಗು ರೋಗ ಬರುವುದು.

ಚೆಂಡುಹೂವು ಆಸ್ಟರುಗಳ ಬೀಜವನ್ನು ಮನೆಯಲ್ಲಿಯೇ ಎತ್ತಿಡಬಹುದು. ಎಲೆಕೋಸಿನದು ಹಾಗಲ್ಲ. ವಾರಗಟ್ಟಲೆ ಕಡುಚಳಿಯನ್ನುಂಡಲ್ಲದೆ ಅದು ಹೂವಿಗೆ ಬಾರದು. ಆದುದರಿಂದಲೇ ಅದರ ಬೀಜವನ್ನು ಕುಲು ಕಣಿವೆ, ಕಾಶ್ಮೀರಗಳಂತಹ ಕಡೆ ಬೆಳೆದು ತರಿಸುವರು. ಬೀಜಕ್ಕೂ ಮಣ್ಣಿನ ಪರೀಕ್ಷೆಗೂ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಶ್ರಾವಣದೊಳಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಒಟ್ಲನ್ನು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಕಂತುಗಳಾಗಿ ಹಾಕಿದರೆ ಕೋಸೆಲ್ಲ ಒಂದೇ ವಾರದಲ್ಲಿ ಬಲಿತು ಬೆಲೆ ಬೀಳುವುದು ತಪ್ಪುವುದು. ಕೊನೆಯ ಕಂತು ಕೊಯಿಲಾಗಿ ಮಾಘ ಮುಗಿಯುತ್ತಲೇ ಆ ನೆಲವನ್ನು ಬೆಂಡೆ, ಹೀರೆ, ಸೋರೆಗಳಿಗೆ ಬಿಟ್ಟುಕೊಡತಕ್ಕದ್ದು.