ಬ್ಯಾಟರಿ ಜೋಡಣೆ: ಉಳಿತಾಯದ ಲೆಕ್ಕ

ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುವ ಸೋಲಾರ್ ಪ್ಯಾನೆಲ್ಲಿನ ಬೆಲೆಯನ್ನು ಹತ್ತು ಅಂಗಡಿ ಅಲೆದು ವಿಚಾರಿಸುವ ನಾವು, ಕೆಲವೇ ವರ್ಷಗಳಿಗೊಮ್ಮೆ ಹೊಸದಾಗಿ ಕೊಳ್ಳಬೇಕಾದ ಬ್ಯಾಟರಿಯ ಆಯುಸ್ಸು ಅದನ್ನು ಜೋಡಿಸುವ ಕ್ರಮವನ್ನು ಬಹುಮಟ್ಟಿಗೆ ಅವಲಂಬಿಸಿದೆಯೆಂಬುದನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದು ವಿರಳ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ, ವಿದ್ಯುತ್ತಿನ ಕಂಬ ತಲಪದ ನಮ್ಮ ಹೊಲಮನೆಗೆ 12 ವೋಲ್ಟ್, 150 ಆಂಪಿಯರ್-ಅವರ್ ಸಾಮರ್ಥ್ಯದ ಎರಡು ಬ್ಯಾಟರಿಗಳನ್ನು ಕಲಬುರಗಿಯಿಂದ ಒಯ್ಯುವ ಪ್ರಸಂಗ ಒದಗಿದಾಗ, ಪಟ್ಟಣದ ಮನೆಯ ಇನ್ವರ್ಟರಿಗಿದ್ದ ಹಳೆಯದನ್ನೇ ಹಾಕಿ ಹೊಸದೊಂದನ್ನು ಮಾತ್ರ ಕೊಂಡರೆ ಅರ್ಧ ಹಣ ಉಳಿಯುವುದೆಂಬ ಸಲಹೆ ಬಂಧುವರ್ಗದಿಂದ ಬಾರದಿರಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ವೃದ್ಧ ಮಿಸ್ತ್ರಿ ಅದನ್ನು ಕೇಳಿದೊಡನೆಯೇ, “ಹಳೇದಕ್ಕ ಹೊಸಾದು ಕೂಡಸಬ್ಯಾಡ್ರಿ ಸರ, ಎರಡೂ ಹೋಗ್ತಾವ” ಎಂದರು. ಸಾಲಾಗಿ ಜೋಡಿಸಿದ ಎರಡರಲ್ಲಿಯೂ ಒಂದೇ ಪ್ರಮಾಣದ ವಿದ್ಯುತ್ತು ಹರಿಯುವುದರಿಂದ, ಶಕ್ತಿಗುಂದಿದ ಹಳೆಯದು ಬೇಗ ತುಂಬಿ, ಆಮೇಲೆ ಬರುವ ವಿದ್ಯುತ್ತಿಗೆ ಕುದಿದು ನೀರು ಕಳೆದುಕೊಳ್ಳುತ್ತದೆ. ಹೊಸದಾದರೋ ಪೂರ್ತಿ ತುಂಬದೆಯೇ ಉಳಿದು, ಅದರ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಪೊರೆ ಗಟ್ಟಿಯಾಗುತ್ತದೆ. 15,000 ರೂಪಾಯಿ ಬೆಲೆಯದೆಂದು ಹಿಡಿದರೆ, ಐದು ವರ್ಷ ಬಾಳಿದ ಬ್ಯಾಟರಿಯ ವಾರ್ಷಿಕ ವ್ಯಯ 3,000. ಎರಡೇ ವರ್ಷಕ್ಕೆ ತೀರಿತೆಂದರೆ 7,500. ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ, ಒಂದೇ ತಿಂಗಳಲ್ಲಿ ತಯಾರಾದ ಜೋಡಿಯನ್ನೇ ಕೊಂಡೆವು.

ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸನ್ನು ಕೂಡಿಸುವ ಸೀರೀಸ್ ಕ್ರಮದಲ್ಲಿ ದೊರೆಯುವುದು 24 ವೋಲ್ಟ್, 150 ಆಂಪಿಯರ್-ಅವರ್; ಪ್ಲಸ್ಸಿಗೆ ಪ್ಲಸ್ಸನ್ನೂ ಮೈನಸ್ಸಿಗೆ ಮೈನಸ್ಸನ್ನೂ ಸೇರಿಸುವ ಪ್ಯಾರಲಲ್ ಕ್ರಮದಲ್ಲಿ 12 ವೋಲ್ಟ್, 300 ಆಂಪಿಯರ್-ಅವರ್. ಸಂಚಿತವಾಗುವ ಶಕ್ತಿ ಉಭಯತ್ರ 3,600 ವಾಟ್-ಅವರೇ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಿತ್ಯ ಬಳಸದಿರುವುದು ಬ್ಯಾಟರಿಯ ಆಯುಸ್ಸಿಗೆ ಹಿತ. ಶಕ್ತಿ ಎರಡರಲ್ಲಿಯೂ ಸಮನಾದರೂ, 1,000 ವಾಟ್ ಎಳೆಯುವಾಗ 12 ವೋಲ್ಟಿನ ತಂತಿಯಲ್ಲಿ ಸುಮಾರು 83 ಆಂಪಿಯರ್ ಹರಿದರೆ, 24 ವೋಲ್ಟಿನದರಲ್ಲಿ 42 ಮಾತ್ರ; ತಂತಿಯ ಕಾವು ಆಂಪಿಯರಿನ ವರ್ಗಕ್ಕನುಸಾರವಾಗಿ ಏರುವುದರಿಂದ, ಅದೇ ತಂತಿಯಲ್ಲಿ ಆಗತಕ್ಕ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಇನ್ವರ್ಟರೂ ಚಾರ್ಜ್ ಕಂಟ್ರೋಲರೂ 24 ವೋಲ್ಟಿಗೆ ತಕ್ಕವಾಗಿದ್ದುದರಿಂದ ನಾವು ಸೀರೀಸನ್ನೇ ಆರಿಸಿಕೊಂಡೆವು.

ಕಮಲಾಪುರದಲ್ಲಿ ಕೆಲಸಕ್ಕೆ ಕುಳಿತ ಮಿಸ್ತ್ರಿ ಮೊದಲು ಉಂಗುರವನ್ನೂ ಕೈಗಡಿಯಾರವನ್ನೂ ತೆಗೆದು ಜೇಬಿಗೆ ಹಾಕಿ, ಪಾನಾದ ತುದಿಯೊಂದನ್ನು ಬಿಟ್ಟು ಉಳಿದ ಭಾಗಕ್ಕೆಲ್ಲ ಟೇಪು ಸುತ್ತಿದರು. ಕೈತಪ್ಪಿದ ಪಾನಾ ಎರಡು ಟರ್ಮಿನಲ್ಲುಗಳಿಗೂ ಒಮ್ಮೆಗೇ ತಗುಲಿದರೆ ಸಾವಿರಕ್ಕೂ ಮೀರಿದ ಆಂಪಿಯರ್ ಹರಿದು ಕಬ್ಬಿಣವೇ ಕರಗಬಹುದು. ತುದಿಗೆ ಲಗ್ (ಟರ್ಮಿನಲ್ಲಿಗೆ ಬಿಗಿಯುವ ಲೋಹದ ಬಳೆ) ಒತ್ತಿದ 16 ಚದರ ಮಿಲಿಮೀಟರಿನ ತಾಮ್ರದ ತಂತಿ, ಪ್ಲಸ್ ಟರ್ಮಿನಲ್ಲಿನಿಂದ ಗೇಣಿನೊಳಗೇ 63 ಆಂಪಿಯರಿನ ಡಿ.ಸಿ. ಫ್ಯೂಜ್, ಮೈನಸ್ ತಂತಿ ಎಲ್ಲಕ್ಕೂ ಕಡೆಗೆ: ಇದು ಅವರ ಕ್ರಮ. ಬಿಚ್ಚುವಾಗ ಮೈನಸ್ಸೇ ಮೊದಲು. ಮನೆಯ ಎ.ಸಿ. ಎಂ.ಸಿ.ಬಿ. ಇಲ್ಲಿ ಸಲ್ಲದು, ಡಿ.ಸಿ. ಕಿಡಿ ತಾನಾಗಿ ಆರುವುದಿಲ್ಲ. ಬ್ಯಾಟರಿಗೆ ಹಣ ಸುರಿದು ಫ್ಯೂಜಿಗೆ ಕೈ ಬಿಗಿಹಿಡಿಯುವುದು ಮಿತವ್ಯಯವಲ್ಲ, ಮನೆಯನ್ನೇ ಅಪಾಯಕ್ಕೊಡ್ಡುವ ಕೆಲಸ.

ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ನಮ್ಮ ಸೀಮೆಯಲ್ಲಿ ಬ್ಯಾಟರಿಗೆ ನೆರಳೂ ಗಾಳಿಯೂ ಅವಶ್ಯ. ಕಾವು ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಸರಿಸುಮಾರು ಅರ್ಧವಾಗುವುದಲ್ಲದೆ, ಚಾರ್ಜಾಗುವಾಗ ಹೊಮ್ಮುವ ಹೈಡ್ರೋಜನ್ ಮುಚ್ಚಿದ ಕಪಾಟಿನಲ್ಲಿ ನಿಂತರೆ ಒಂದು ಕಿಡಿಗೇ ಸ್ಫೋಟಿಸುತ್ತದೆ.

ಆದುದರಿಂದ ಅಂಗಡಿಯವರಿಂದ ಲೆಕ್ಕಪಟ್ಟಿ ಪಡೆಯುವಾಗ ತಂತಿಯ ದಪ್ಪ, ಡಿ.ಸಿ. ಫ್ಯೂಜು, ಲಗ್ಗು ಇವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿರಿ. ಅವು ಬರೆದಿರದ ಪಟ್ಟಿಗೆ ಮುಂಗಡ ಕೊಡಬೇಡಿರಿ.