ಕರಿಯ ಕಾಯಿಗಳ ಪಕ್ಷದಲ್ಲಿ ಕುಳಿತು

ಬಳ್ಳಾರಿಯ ಬ್ರೂಸ್‌ಪೇಟೆಯ ಜಗಲಿಗಳ ಮೇಲೆ ನಾನು ಮೊದಲು ಕಲಿತ ಚದುರಂಗವು ದೇಶೀ ಪದ್ಧತಿಯದಾಗಿದ್ದು, ಅದರಲ್ಲಿ ಪದಾತಿಗೆ ಮೊದಲ ನಡೆಯಲ್ಲಿಯೂ ಒಂದೇ ಮನೆಯ ಅಧಿಕಾರವಿದ್ದುದರಿಂದ, ನಡುಮನೆಗಳಿಗೆ ಕೂಡಲೇ ನುಗ್ಗದೆ ದೂರದಿಂದ ಕಾಯುವ ಸ್ವಭಾವ ಕೈಗೆ ಹತ್ತಿಬಿಟ್ಟಿತ್ತು. 1850ರ ದಶಕದಲ್ಲಿ ಕಲ್ಕತ್ತೆಯಲ್ಲಿ ಕಾಕ್ರೇನನೆದುರು ಮಹೇಶಚಂದ್ರ ಬ್ಯಾನರ್ಜಿ ಆಡಿದ, ಮುಂದೆ ‘ಇಂಡಿಯನ್’ ಎಂಬ ವಿಶೇಷಣ ಪಡೆದ ರಕ್ಷಣೆಗಳ ಮೂಲವೂ ಇದೇ ಸ್ವಭಾವವೆಂದು ಬಲ್ಲವರ ಅಭಿಪ್ರಾಯ. ಆದುದರಿಂದ ಅಂತರರಾಷ್ಟ್ರೀಯ ನಿಯಮಕ್ಕೆ ಹೊರಳಿದಾಗ, 1886ರಲ್ಲಿ ಕಾರೋ ಮತ್ತು ಕಾನ್ ಎಂಬಿಬ್ಬರು ವಿವೇಚಿಸಿ ಪ್ರಕಟಿಸಿದ ರಕ್ಷಣೆಯು, ಸಿ6ಕ್ಕೆ ಒಂದೇ ಹೆಜ್ಜೆಯಿಡುವ ತನ್ನ ಸಂಕೋಚದಿಂದಲೇ ನನ್ನನ್ನು ಒಲಿಸಿಕೊಂಡಿತು.

ಕ್ಲೇಶವಿರುವುದು ಮುಂದೆ. ಡಿ5ರ ನಮ್ಮ ಪದಾತಿ ಇ4ರಲ್ಲಿ ಹೊಡೆದು, ಬಿಳಿಯ ಕುದುರೆ ಅದನ್ನು ಮರಳಿ ಹೊಡೆದೊಡನೆ ದಾರಿ ಮೂರಾಗಿ ಕವಲೊಡೆಯುತ್ತದೆ. ಪುಸ್ತಕದ ನಡೆಗಳನ್ನು ಕಂಠಪಾಠ ಮಾಡುವುದಕ್ಕೆ ಮೊದಲು, ಒಂದೊಂದು ಪ್ರಭೇದವೂ ಹತ್ತು ಹನ್ನೆರಡು ನಡೆಗಳ ಬಳಿಕ ತಲುಪುವ ಸ್ಥಿತಿಯನ್ನೇ ಹಲಗೆಯ ಮೇಲೆ ಜೋಡಿಸಿ, ಗೆಳೆಯನೊಡನೆ ಅಲ್ಲಿಂದಲೇ ಆಡಿ, ಬಣ್ಣ ಬದಲಿಸಿ ಮತ್ತೆ ಆಡಿ ನೋಡುವುದು ನಾನು ಕಂಡುಕೊಂಡ ಕ್ರಮ. ಕುದುರೆಯನ್ನು ನೇರವಾಗಿ ಎಫ್6ಕ್ಕೆ ತಂದರೆ, ಕುದುರೆಗಳು ಅಲ್ಲಿ ವಿನಿಮಯವಾಗಿ ರಾಜನ ಮುಂದಿನ ಪದಾತಿಯಿಂದ ಮರಳಿ ಹೊಡೆದಾಗ, ಒಂಟೆಗಳಿಗೆ ಬಿಡುಗಡೆ ದೊರೆತರೂ ಪದಾತಿಗಳು ಜೋಡಿಬಿದ್ದು, ಬರಿಯ ಪದಾತಿಗಳುಳಿದ ಅಂತ್ಯಾಟವೆಲ್ಲ ಬಿಳಿಯವನ ಪಾಲಾಗುತ್ತದೆ. ಅದು ನನಗೆ ಹಿಡಿಸಲಿಲ್ಲ.

ಡಿ7ಕ್ಕೆ ಕುದುರೆಯನ್ನಿಡುವ ಪ್ರಭೇದ ಘನವಾದದ್ದೇ ಸರಿ. ಆದರೆ ಬಿಳಿಯ ಮಂತ್ರಿ ಇ2ಕ್ಕೆ ಬಂದು ನಿಂತಾಗ ಎಚ್ಚರದಪ್ಪಿ ಎರಡನೆಯ ಕುದುರೆಯನ್ನೂ ಎಫ್6ಕ್ಕೆ ಹೊರಡಿಸಿದರೆ, ಎದುರಾಳಿಯ ಕುದುರೆ ಡಿ6ಕ್ಕೆ ನೆಗೆದು ಆರನೆಯ ನಡೆಗೇ ಶಾಮಾತು! ಅದನ್ನು ಹೊಡೆಯಬೇಕಾದ ಪದಾತಿ ರಾಜನ ಮುಂದಿನಿಂದ ಕದಲುವಂತಿಲ್ಲ. 1935ರಲ್ಲಿ ಮಯೋರ್ಕಾ ದ್ವೀಪದಲ್ಲಿ, ಒಟ್ಟುಗೂಡಿ ಆಲೋಚಿಸಿ ಆಡುತ್ತಿದ್ದ ಹವ್ಯಾಸಿಗಳನ್ನು ಅಲೆಖೀನನು ಹೀಗೆಯೇ ಮುಗಿಸಿದನಂತೆ. ನಾಲ್ಕು ತಲೆ ಕೂಡಿದರೂ ಕಾಣದ್ದು ಬಳ್ಳಾರಿಯ ಬೇಸಿಗೆಯ ನಡುಹಗಲಿನಲ್ಲಿ ಒಂದೇ ತಲೆಗೆ ಕಂಡೀತೆ?

ಕೊನೆಗೆ ನಾನು ಆರಿಸಿಕೊಂಡುದು ಒಂಟೆಯನ್ನು ಎಫ್5ಕ್ಕೆ ಹೊರಡಿಸುವ ಪ್ರಭೇದವನ್ನು. ಬಿಳಿಯವನು ಎಚ್ ಸಾಲಿನ ಪದಾತಿಯನ್ನು ಐದನೆಯ ಮನೆಯವರೆಗೆ ನೂಕಿ ನಮ್ಮ ಒಂಟೆಯನ್ನು ಅಟ್ಟುತ್ತಾನೆ, ಒಂಟೆಗಳು ವಿನಿಮಯವಾಗುತ್ತವೆ, ನೋಡುವವರಿಗೆ ಕರಿಯವನು ಬರಿದೆ ಹಿಮ್ಮೆಟ್ಟಿದಂತೆ ತೋರುತ್ತದೆ. ಆದರೆ ಅಷ್ಟು ದೂರ ಬಂದ ಆ ಪದಾತಿ ಅಂತ್ಯಾಟದಲ್ಲಿ ತನ್ನೊಡೆಯನಿಂದಲೇ ಕಾವಲು ಬೇಡತೊಡಗುತ್ತದೆ, ಮತ್ತು ಅಂತಹ ಸ್ಥಿತಿಯಲ್ಲಿ ಗಂಟೆಗಟ್ಟಲೆ ಕುಳಿತಿರಲು ನನಗೆ ಬೇಸರವಿರಲಿಲ್ಲ.

ಇಷ್ಟೆಲ್ಲ ವಿವೇಚಿಸಿ ಕುಳಿತರೂ, ನಮ್ಮ ಪೇಟೆಯ ಆಟಗಾರರಲ್ಲಿ ಹೆಚ್ಚಿನವರು ಆ ಕವಲಿನವರೆಗೆ ಬರುವ ಸೌಜನ್ಯವನ್ನೇ ತೋರದೆ, 1961ರ ಮರುಪಂದ್ಯದಲ್ಲಿ ಬೊಟ್ವಿನ್ನಿಕನೆದುರು ತಾಲನು ಮಾಡಿದಂತೆ, ಮೂರನೆಯ ನಡೆಗೇ ಪದಾತಿಯನ್ನು ಇ5ಕ್ಕೆ ಒತ್ತಿಬಿಡುತ್ತಿದ್ದರು. ಅಲ್ಲಿಯೂ ಇ6 ಆಡಿ ಬಾಗಿಲು ಮುಚ್ಚುವ ಮುನ್ನ ಒಂಟೆಯನ್ನು ಎಫ್5ಕ್ಕೆ ದಾಟಿಸಿ, ಬಳಿಕ ಸಿ5ರಿಂದ ಅವರ ಪದಾತಿಗಳ ಬುಡಕ್ಕೆ ಕೈಹಾಕುತ್ತಿದ್ದೆನು.